ಚೋಕ್ ಬಿಗಿಯಾದಷ್ಟೂ ಕೋವಿಗೆ ಬಲ ಹೆಚ್ಚುತ್ತದೆಯೇ? ಟ್ರ್ಯಾಪ್ ಶೂಟಿಂಗ್ ಕಲಿಯುವವರು ತಿಳಿದಿರಬೇಕಾದ ಸಂಗತಿಗಳು

ಕಳೆದ ತಿಂಗಳು ನಮ್ಮ ಫ್ಯಾಮಿಲಿ ಗ್ರೂಪಿಗೆ ಒಂದು ವಿಡಿಯೊ ಬಂತು. ಕೊಡಗಿನಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ. ಒಬ್ಬರು ಗುರಿಯಿಟ್ಟು ಹೊಡೆಯುತ್ತಾರೆ, ದೂರದಲ್ಲಿ ಕಾಯಿ ಸಿಡಿದು ಚೂರಾಗುತ್ತದೆ. ನಮ್ಮೂರು ನೊಣವಿನಕೆರೆ. ತೆಂಗಿನಕಾಯಿ ಕಂಡರೆ ನಮ್ಮವರು ಮೊದಲು ನೋಡುವುದು ಅದರ ಗಾತ್ರವನ್ನು, ಉಳಿದದ್ದೆಲ್ಲ ಆಮೇಲೆ. ಆದರೆ ಈ ಸಲ ಎಲ್ಲರ ಗಮನ ಹೋಗಿದ್ದು ವಿಡಿಯೊ ಕೆಳಗಿದ್ದ ಬರಹದ ಕಡೆಗೆ.

“ಫುಲ್ ಚೋಕ್ ಕೋವಿಯ ಪವರ್ ನೋಡಿ! ಚೋಕ್ ಟೈಟ್ ಆದಷ್ಟೂ ಗುಂಡಿನ ಫೋರ್ಸ್ ಡಬಲ್. ಶೂಟಿಂಗ್ ಕಲಿಯುವವರು ಫುಲ್ ಚೋಕ್ ಬಿಟ್ಟು ಬೇರೆ ತಗೋಬೇಡಿ. ಎಲ್ಲರಿಗೂ ಶೇರ್ ಮಾಡಿ.”

ಅರ್ಧ ಗಂಟೆಯಲ್ಲಿ ಇನ್ನೊಬ್ಬರು ಇದಕ್ಕೆ ಉಲ್ಟಾ ಸಂದೇಶ ಹಾಕಿದರು. “ಹೊಸಬರಿಗೆ ಫುಲ್ ಚೋಕ್ ಬೇಡವೇ ಬೇಡ. ಮೂತಿ ಓಪನ್ ಇದ್ದಷ್ಟೂ ಗುಂಡು ಅಗಲಕ್ಕೆ ಹರಡುತ್ತೆ, ಗುರಿಯೇ ಬೇಕಿಲ್ಲ. ಹಳೇ ಕೋವಿ ಇದ್ದರೆ ಮೂತಿ ಎರಡಿಂಚು ಕೊಯ್ಸಿ ಸಾಕು, ಲೇತ್ ಅಂಗಡೀಲಿ ಹತ್ತು ನಿಮಿಷದ ಕೆಲಸ.”

ಇದು ಬರೀ ಹರಟೆಯಾಗಿದ್ದರೆ ನಾನೂ ನಕ್ಕು ಸುಮ್ಮನಾಗುತ್ತಿದ್ದೆ. ಆದರೆ ದೊಡ್ಡಪ್ಪನ ಮನೆಯಲ್ಲಿ ಲೈಸೆನ್ಸ್ ಇರುವ ಹಳೆಯ ಜೋಡುನಳಿಗೆ ಕೋವಿಯೊಂದಿದೆ. ಅವರ ಮಗ, ಅಂದರೆ ನನ್ನ ತಮ್ಮ, ಟ್ರ್ಯಾಪ್ ಶೂಟಿಂಗ್ ಕಲಿಯಬೇಕೆಂದು ಹೊರಟಿದ್ದಾನೆ. ಎರಡನೆಯ ಸಂದೇಶ ಓದಿದವನೇ ಪಂಪ್‌ಸೆಟ್ ರಿಪೇರಿ ಮಾಡುವ ಲೇತ್ ಅಂಗಡಿಯೊಂದರಲ್ಲಿ ವಿಚಾರಿಸಿಕೊಂಡೂ ಬಂದಿದ್ದ. ಅವತ್ತು ರಾತ್ರಿ ದೊಡ್ಡಪ್ಪ ಫೋನ್ ಮಾಡಿ, “ನೀನು ಇಂಥವನ್ನೇ ತಾನೇ ಹುಡುಕಿ ಬರೆಯೋದು? ಇದು ದಿಟವೋ ಸುಳ್ಳೋ ಒಸಿ ನೋಡಮ್ಮ” ಎಂದರು.

ನೋಡಿದೆ. ಎರಡೂ ಸಂದೇಶಗಳಲ್ಲಿ ಒಂದೊಂದು ಚೂರು ನಿಜವಿದೆ. ಉಳಿದದ್ದು ದುಡ್ಡು ಹಾಳು ಮಾಡುವಂಥದ್ದು. ಕೊನೆಯ ಸಲಹೆಯಂತೂ ಜೈಲಿಗೇ ಕಳಿಸುವಂಥದ್ದು. ಒಂದೊಂದಾಗಿ ನೋಡೋಣ.

ಚೋಕ್ ಎಂದರೇನು?

ಮೊದಲು ಕೋವಿಯ ವಿಚಾರ. ರೈಫಲ್‌ನಿಂದ ಒಂದು ಸಲಕ್ಕೆ ಒಂದೇ ಗುಂಡು ಹೊರಡುತ್ತದೆ. ಶಾಟ್‌ಗನ್‌ನ ತೋಟಾದೊಳಗೆ ಕಾಳಿನಂಥ ನೂರಾರು ಸೀಸದ ಗುಂಡುಗಳಿರುತ್ತವೆ. ಮಲೆನಾಡಿನಲ್ಲಿ ಇವನ್ನು ‘ಚರೆ’ ಎನ್ನುತ್ತಾರೆ. ಕುದುರೆ ಎಳೆದಾಗ ಈ ಚರೆಗಳೆಲ್ಲ ಒಟ್ಟಾಗಿ ನಳಿಗೆಯಿಂದ ಹೊರಬಿದ್ದು, ಮುಂದೆ ಹೋದಂತೆ ಹರಡಿಕೊಳ್ಳುತ್ತವೆ.

ಟ್ರ್ಯಾಪ್ ಶೂಟಿಂಗ್‌ನಲ್ಲಿ ಬಳಸುವುದು ಹೆಚ್ಚಾಗಿ 12 ಬೋರ್ ಕೋವಿ. ಒಂದು ಪೌಂಡ್ ಸೀಸವನ್ನು ಸಮನಾದ 12 ಉಂಡೆ ಮಾಡಿದರೆ ಒಂದೊಂದು ಉಂಡೆ ಎಷ್ಟು ದಪ್ಪ ಇರುತ್ತದೋ ಅದೇ 12 ಬೋರ್ ನಳಿಗೆಯ ಒಳ ಅಗಲ, ಸುಮಾರು 18.5 ಮಿ.ಮೀ. ಈ ನಳಿಗೆಯ ಕೊನೆಯ ಕೆಲವು ಸೆಂಟಿಮೀಟರ್ ಭಾಗವನ್ನು ಒಳಗಡೆಯಿಂದ ತುಸು ಕಿರಿದು ಮಾಡಿರುತ್ತಾರೆ. ಆ ಕಿರಿದಾದ ಭಾಗವೇ ಚೋಕ್. ಹಳೆಯ ಕೋವಿಗಳಲ್ಲಿ ಅದು ನಳಿಗೆಯದೇ ಭಾಗ, ಬದಲಿಸಲು ಬರುವುದಿಲ್ಲ. ಹೊಸ ಕೋವಿಗಳಲ್ಲಿ ಬೇರೆ ಬೇರೆ ಅಳತೆಯ ಚೋಕ್ ಟ್ಯೂಬ್‌ಗಳನ್ನು ತಿರುಪಿನಂತೆ ಹಾಕಿ ತೆಗೆಯಬಹುದು.

ಎಷ್ಟು ಕಿರಿದು? ಇಲ್ಲೇ ಬಹಳ ಜನಕ್ಕೆ ಆಶ್ಚರ್ಯವಾಗುತ್ತದೆ. ಅತ್ಯಂತ ಬಿಗಿಯೆನ್ನುವ ಫುಲ್ ಚೋಕ್‌ನಲ್ಲೂ ವ್ಯತ್ಯಾಸ ಸುಮಾರು ಒಂದು ಮಿಲಿಮೀಟರ್ ಮಾತ್ರ. ತಯಾರಕರಿಂದ ತಯಾರಕರಿಗೆ ಅಳತೆ ತುಸು ಬದಲಾಗುತ್ತದೆ, ಅಂದಾಜು ಲೆಕ್ಕ ಹೀಗಿದೆ:

- ಸಿಲಿಂಡರ್: ಕಿರಿದಾಗುವುದೇ ಇಲ್ಲ
- ಇಂಪ್ರೂವ್ಡ್ ಸಿಲಿಂಡರ್: ಸುಮಾರು 0.25 ಮಿ.ಮೀ.
- ಮಾಡಿಫೈಡ್ ಅಥವಾ ಹಾಫ್ ಚೋಕ್: ಸುಮಾರು 0.5 ಮಿ.ಮೀ.
- ಇಂಪ್ರೂವ್ಡ್ ಮಾಡಿಫೈಡ್ ಅಥವಾ ಮುಕ್ಕಾಲು ಚೋಕ್: ಸುಮಾರು 0.75 ಮಿ.ಮೀ.
- ಫುಲ್ ಚೋಕ್: ಸುಮಾರು 1 ಮಿ.ಮೀ.

ಚೋಕ್ ಟ್ಯೂಬ್‌ನ ಅಂಚಿನಲ್ಲಿ ಸಣ್ಣ ಕಚ್ಚುಗಳೋ ನಕ್ಷತ್ರದ ಗುರುತುಗಳೋ ಇರುತ್ತವೆ. ಸಾಮಾನ್ಯವಾಗಿ ಒಂದು ಗುರುತು ಎಂದರೆ ಫುಲ್, ಎರಡಾದರೆ ಮುಕ್ಕಾಲು, ಮೂರಾದರೆ ಹಾಫ್, ನಾಲ್ಕಾದರೆ ಇಂಪ್ರೂವ್ಡ್ ಸಿಲಿಂಡರ್. ಗುರುತು ಜಾಸ್ತಿ ಇದ್ದರೆ ಬಿಗಿಯೂ ಜಾಸ್ತಿ ಎಂದುಕೊಂಡು ಮೋಸ ಹೋಗುವವರಿದ್ದಾರೆ. ಲೆಕ್ಕ ಅದಕ್ಕೆ ಉಲ್ಟಾ.

ಹೇಳಿಕೆ 1: “ಚೋಕ್ ಟೈಟ್ ಆದರೆ ಫೋರ್ಸ್ ಡಬಲ್”

ಇದು ಸುಳ್ಳು. ಆದರೆ ಜನ ಯಾಕೆ ನಂಬುತ್ತಾರೆ ಎಂಬುದು ತೋಟದಲ್ಲಿ ನೀರು ಬಿಡುವ ಯಾರಿಗಾದರೂ ಗೊತ್ತಾಗುತ್ತದೆ. ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿ ಹಿಡಿದರೆ ನೀರು ಚಿಮ್ಮಿ ಮೂರನೇ ಸಾಲಿನ ಬುಡಕ್ಕೆ ಬೀಳುತ್ತದೆ. ಬಾಯಿ ಕಿರಿದಾದರೆ ರಭಸ ಜಾಸ್ತಿ. ಕೋವಿಯಲ್ಲೂ ಹಾಗೇ ಇರಬೇಕು ಎಂದು ಅನ್ನಿಸುವುದು ಸಹಜ.

ವ್ಯತ್ಯಾಸ ಇಲ್ಲಿದೆ. ಪೈಪಿನಲ್ಲಿ ಹಿಂದಿನಿಂದ ಮೋಟಾರು ಒಂದೇ ಸಮನೆ ನೀರನ್ನು ನೂಕುತ್ತಲೇ ಇರುತ್ತದೆ. ಜಾಗ ಕಿರಿದಾದಾಗ ಅದೇ ನೀರು ವೇಗವಾಗಿ ಹರಿಯಲೇಬೇಕು. ಕೋವಿಯಲ್ಲಿ ಮದ್ದು ಉರಿದು ಕೊಡಬೇಕಾದ ಒತ್ತಡವನ್ನು ಬಹುಪಾಲು ನಳಿಗೆಯ ಹಿಂಭಾಗದಲ್ಲೇ ಕೊಟ್ಟಾಗಿರುತ್ತದೆ. ಚೋಕ್ ತಲುಪುವ ಹೊತ್ತಿಗೆ ಚರೆಗಳ ಗುಂಪು ಸೆಕೆಂಡಿಗೆ ಸುಮಾರು 400 ಮೀಟರ್ ವೇಗದಲ್ಲಿರುತ್ತದೆ. ಒಂದು ಮಿಲಿಮೀಟರ್‌ನ ಆ ಕಿರಿದು ಜಾಗವನ್ನು ಅದು ಕಣ್ಣು ಮಿಟುಕಿಸುವುದರೊಳಗೆ, ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತ ಕಡಿಮೆ ಸಮಯದಲ್ಲಿ ದಾಟಿಬಿಡುತ್ತದೆ. ವೇಗದಲ್ಲಿ ಆಗುವ ಬದಲಾವಣೆ ಆ 400ರಲ್ಲಿ ಕೆಲವೇ ಮೀಟರ್. ಡಬಲ್ ಅಂತೂ ಕನಸಿನ ಮಾತು.

ಹಾಗಾದರೆ ಚೋಕ್ ಮಾಡುವುದೇನು? ಪೈಪನ್ನು ಬಿಟ್ಟು ಹುರುಳಿ ಚೆಲ್ಲುವುದನ್ನು ನೆನೆಸಿಕೊಳ್ಳಿ. ಮುಷ್ಟಿ ಪೂರ್ತಿ ಬಿಚ್ಚಿ ಎರಚಿದರೆ ಕಾಳು ಅಗಲಕ್ಕೆ ಬೀಳುತ್ತದೆ. ಬೆರಳು ಬಿಗಿ ಹಿಡಿದು ಬಿಟ್ಟರೆ ಒಂದೇ ಕಡೆ ಒತ್ತಾಗಿ ಬೀಳುತ್ತದೆ. ಕಾಳು ಅಷ್ಟೇ, ಬೀಸಿದ ಬಲವೂ ಅಷ್ಟೇ. ಬದಲಾಗಿದ್ದು ಹರಡುವಿಕೆ ಮಾತ್ರ. ಚೋಕ್ ಮಾಡುವ ಕೆಲಸ ಇಷ್ಟೇ.

ಕೋವಿಯವರು ಇದನ್ನು ಅಳೆಯಲು ಹಳೆಯ ಪದ್ಧತಿಯೊಂದಿದೆ. ಸುಮಾರು 36.5 ಮೀಟರ್, ಅಂದರೆ 40 ಗಜ ದೂರದ ಕಾಗದಕ್ಕೆ ಹೊಡೆದು, 30 ಇಂಚಿನ ವೃತ್ತದೊಳಗೆ ಎಷ್ಟು ಚರೆ ಬಿದ್ದಿವೆ ಎಂದು ಎಣಿಸುವುದು. ಸಿಲಿಂಡರ್‌ನಲ್ಲಿ ಸುಮಾರು ಶೇ 40, ಇಂಪ್ರೂವ್ಡ್ ಸಿಲಿಂಡರ್‌ನಲ್ಲಿ ಶೇ 50, ಹಾಫ್‌ನಲ್ಲಿ ಶೇ 60, ಮುಕ್ಕಾಲಿನಲ್ಲಿ ಶೇ 65, ಫುಲ್‌ನಲ್ಲಿ ಶೇ 70ರಷ್ಟು ಚರೆ ವೃತ್ತದೊಳಗಿರಬೇಕು ಎಂಬುದು ರೂಢಿಯ ಅಳತೆ.

ಇದರಿಂದ ಹುಟ್ಟುವ ಇನ್ನೊಂದು ತಪ್ಪು ತಿಳಿವಳಿಕೆ ಅಪಾಯಕಾರಿ. ‘ಓಪನ್ ಚೋಕ್ ಇದ್ದರೆ ಗುಂಡು ದೂರ ಹೋಗಲ್ಲ, ಆ ಕಡೆ ಜನ ಇದ್ದರೂ ಪರವಾಗಿಲ್ಲ’ ಎನ್ನುವುದು. ಟ್ರ್ಯಾಪ್‌ನಲ್ಲಿ ಬಳಸುವ 2.4 ಮಿ.ಮೀ. ಚರೆ, ಚೋಕ್ ಯಾವುದೇ ಇರಲಿ, ಸುಮಾರು 200 ಮೀಟರ್‌ವರೆಗೂ ಹೋಗಿ ಬೀಳಬಲ್ಲದು. ಅದಕ್ಕಿಂತ ದಪ್ಪ ಚರೆ ಇನ್ನೂ ದೂರ ಹೋಗುತ್ತದೆ. ತೋಟದ ಆಚೆ ಬದುವಿನಲ್ಲಿ ಯಾರೋ ಸೋಗೆ ಆಯುತ್ತಿರುತ್ತಾರೆ ಎಂಬುದನ್ನು ಯಾವ ಚೋಕೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಹೇಳಿಕೆ 2: “ತೆಂಗಿನಕಾಯಿ ಒಡೆದ ಕೋವಿ ಟ್ರ್ಯಾಪ್‌ಗೂ ಬೆಸ್ಟ್”

ವಿಡಿಯೊದಲ್ಲಿರುವ ಆಟ ನಿಜವಾದದ್ದೇ. ಕೊಡಗಿನಲ್ಲಿ ಸೆಪ್ಟೆಂಬರ್ ಮೊದಲ ವಾರದಲ್ಲಿ ಬರುವ ಕೈಲ್ ಮುಹೂರ್ತ ಹಬ್ಬದಲ್ಲಿ ಆಯುಧಗಳಿಗೆ ಪೂಜೆ ಮಾಡಿ, ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ನಡೆಸುತ್ತಾರೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿ ಲೈಸೆನ್ಸ್‌ನಿಂದ ವಿನಾಯಿತಿ ಇದೆ. ಆ ವಿನಾಯಿತಿಯನ್ನು ಕರ್ನಾಟಕ ಹೈಕೋರ್ಟ್ 2021ರಲ್ಲಿ ಎತ್ತಿಹಿಡಿದಿದೆ. ಆದರೆ ಆ ವಿನಾಯಿತಿ ತಿಪಟೂರು ಸೀಮೆಯ ನಮಗೆ ಅನ್ವಯಿಸುವುದಿಲ್ಲ. ವಿಡಿಯೊ ನೋಡಿ ‘ನಾವೂ ಹಬ್ಬಕ್ಕೆ ಇಡೋಣ’ ಎಂದು ಹೊರಡಬೇಡಿ.

ಅದಿರಲಿ, ತೆಂಗಿನಕಾಯಿಗೂ ಟ್ರ್ಯಾಪ್‌ಗೂ ಎತ್ತಣ ಸಂಬಂಧ? ಕಾಯಿ ಅಲುಗಾಡದೆ ಕೂತಿರುತ್ತದೆ. ದೂರ ಮೊದಲೇ ಗೊತ್ತಿರುತ್ತದೆ. ಉಸಿರು ಹಿಡಿದು ನಿಧಾನವಾಗಿ ಗುರಿಯಿಡಬಹುದು. ಗಟ್ಟಿ ಚಿಪ್ಪು ಒಡೆಯಬೇಕಾದ್ದರಿಂದ ಪೆಟ್ಟು ಒಂದೇ ಕಡೆ ಬೀಳಬೇಕು.

ಟ್ರ್ಯಾಪ್‌ನಲ್ಲಿ ಎಲ್ಲವೂ ತದ್ವಿರುದ್ಧ. ಹಿಂದೆ ಜೀವಂತ ಪಾರಿವಾಳಗಳನ್ನು ಪೆಟ್ಟಿಗೆಯಿಂದ ಹಾರಿಬಿಟ್ಟು ಹೊಡೆಯುತ್ತಿದ್ದರು. ಆ ಪೆಟ್ಟಿಗೆಯ ಹೆಸರೇ ‘ಟ್ರ್ಯಾಪ್’. ಈಗ ಹಕ್ಕಿಯ ಬದಲು 110 ಮಿ.ಮೀ. ಅಗಲದ, 105 ಗ್ರಾಂ ತೂಕದ ಬಿಲ್ಲೆಯನ್ನು ಯಂತ್ರ ಎಸೆಯುತ್ತದೆ. ಹೆಸರಿಗೆ ‘ಕ್ಲೇ’ ಎಂದರೂ ಅದು ಸುಣ್ಣಕಲ್ಲಿನ ಪುಡಿ ಮತ್ತು ಟಾರಿನಂಥ ಅಂಟು ಸೇರಿಸಿ ಮಾಡಿದ್ದು, ಹಪ್ಪಳದಂತೆ ಪಟ್ಟನೆ ಒಡೆಯುತ್ತದೆ. ಒಲಿಂಪಿಕ್ ಟ್ರ್ಯಾಪ್‌ನಲ್ಲಿ ಶೂಟರ್‌ನ ಮುಂದೆ 15 ಮೀಟರ್ ದೂರದ ಕಂದಕದಲ್ಲಿ 15 ಯಂತ್ರಗಳಿರುತ್ತವೆ. ಬಿಲ್ಲೆ ಎಡಕ್ಕೋ ಬಲಕ್ಕೋ ನೇರಕ್ಕೋ, 45 ಡಿಗ್ರಿ ಕೋನದವರೆಗೆ ಎತ್ತ ಬೇಕಾದರೂ ಹಾರಬಹುದು. ಯಾವ ಕಡೆ ಎಂದು ಮೊದಲೇ ಗೊತ್ತಿರುವುದಿಲ್ಲ. ತೋಟಾದಲ್ಲಿ ಚರೆಯ ತೂಕ 24 ಗ್ರಾಂ ಮೀರುವಂತಿಲ್ಲ.

ಭಾರತಕ್ಕೆ ಈ ಆಟ ಹೊಸದಲ್ಲ. ಬಿಕಾನೇರ್‌ನ ಕರ್ಣಿ ಸಿಂಗ್ 1962ರಲ್ಲಿ ಕೈರೊದ ವಿಶ್ವ ಚಾಂಪಿಯನ್‌ಷಿಪ್‌ನ ಟ್ರ್ಯಾಪ್‌ನಲ್ಲಿ ಬೆಳ್ಳಿ ಗೆದ್ದಿದ್ದರು. ದೆಹಲಿಯ ಶೂಟಿಂಗ್ ರೇಂಜ್‌ಗೆ ಅವರದೇ ಹೆಸರಿದೆ. 2004ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ರಾಜ್ಯವರ್ಧನ್ ಸಿಂಗ್ ರಾಥೋಡ್ ಬೆಳ್ಳಿ ಗೆದ್ದದ್ದು ಇದೇ ಕುಟುಂಬದ ಡಬಲ್ ಟ್ರ್ಯಾಪ್‌ನಲ್ಲಿ.

ಹೇಳಿಕೆ 3: “ಹೊಸಬರಿಗೆ ಓಪನ್ ಚೋಕ್ ಸಾಕು, ಗುರಿಯೇ ಬೇಕಿಲ್ಲ”

ಮೇಲ್ನೋಟಕ್ಕೆ ಇದು ಸರಿ ಅನ್ನಿಸುತ್ತದೆ. ಬಲೆ ಅಗಲವಾದಷ್ಟೂ ಮೀನು ಹೆಚ್ಚು ಎಂಬ ತರ್ಕ. ಆದರೆ ಬಲೆಯ ಕಣ್ಣು ದೊಡ್ಡದಾದರೆ ಮೀನು ನುಸುಳಿ ಹೋಗುತ್ತದೆ ಎಂಬುದನ್ನು ಮರೆಯಬಾರದು.

ಲೆಕ್ಕ ಹಾಕೋಣ. 2.4 ಮಿ.ಮೀ. ಸೀಸದ ಚರೆಯ ತೂಕ ಸುಮಾರು 0.08 ಗ್ರಾಂ. 24 ಗ್ರಾಂ ತೋಟಾದಲ್ಲಿ ಇಂಥವು ಸುಮಾರು 300 ಇರುತ್ತವೆ. ನಮ್ಮಿಂದ ದೂರ ಹಾರುವ ಬಿಲ್ಲೆ ತಟ್ಟೆಯಂತೆ ದುಂಡಗೆ ಕಾಣುವುದಿಲ್ಲ, ಅಂಚಷ್ಟೇ ಕಾಣುತ್ತದೆ. ಆ ಅಂಚಿನ ವಿಸ್ತಾರ 25 ಚದರ ಸೆಂಟಿಮೀಟರ್ ಆಸುಪಾಸು. 30 ಇಂಚಿನ ವೃತ್ತದಲ್ಲಿ ಅಂಥ ಸುಮಾರು 180 ಬಿಲ್ಲೆಗಳಿಗೆ ಜಾಗವಿದೆ.

36.5 ಮೀಟರ್ ದೂರದಲ್ಲಿ ಸಿಲಿಂಡರ್ ಚೋಕ್ ಆ ವೃತ್ತದೊಳಗೆ 300ರಲ್ಲಿ 120 ಚರೆ ಹಾಕುತ್ತದೆ. 180 ಜಾಗಕ್ಕೆ 120 ಚರೆ, ಅಂದರೆ ಬಿಲ್ಲೆಗೊಂದು ಚರೆಯೂ ಇಲ್ಲ. ಹಾಫ್ ಚೋಕ್ 180 ಹಾಕುತ್ತದೆ, ಸರಾಸರಿ ಬಿಲ್ಲೆಗೆ ಒಂದು. ಫುಲ್ ಚೋಕ್ 210 ಹಾಕುತ್ತದೆ, ಒಂದಕ್ಕಿಂತ ತುಸು ಹೆಚ್ಚು. ನಿಜದಲ್ಲಿ ಚರೆಗಳು ವೃತ್ತದ ನಡುವೆ ಒತ್ತಾಗಿಯೂ ಅಂಚಿನಲ್ಲಿ ವಿರಳವಾಗಿಯೂ ಬೀಳುತ್ತವೆ, ಹಾಗಾಗಿ ನಡುವಿಗೆ ಸಿಕ್ಕಿದ ಬಿಲ್ಲೆಗೆ ಇದಕ್ಕಿಂತ ಹೆಚ್ಚು ಪೆಟ್ಟು ಬೀಳುತ್ತದೆ. ಆದರೂ ಹೋಲಿಕೆ ಸ್ಪಷ್ಟ. ದೂರ ಜಾಸ್ತಿಯಾದಾಗ ಓಪನ್ ಚೋಕ್‌ನ ಬಲೆಯಲ್ಲಿ ತೂತುಗಳು ದೊಡ್ಡದಾಗುತ್ತವೆ. ಗುರಿ ಸರಿಯಾಗಿದ್ದರೂ ಬಿಲ್ಲೆ ಒಡೆಯದೆ ಹೋಗಬಹುದು. ಕಲಿಯುವವರಿಗೆ ಇದಕ್ಕಿಂತ ಬೇಸರದ ವಿಷಯ ಇನ್ನೊಂದಿಲ್ಲ. ಸರಿಯಾಗಿ ಹೊಡೆದದ್ದನ್ನೂ ತಪ್ಪು ಎಂದುಕೊಂಡು, ಇರುವ ಒಳ್ಳೆಯ ಅಭ್ಯಾಸವನ್ನೂ ಬದಲಿಸಿಬಿಡುತ್ತಾರೆ.

ಎರಡೂ ಸಂದೇಶಗಳು ಮರೆತ ವಿಷಯ: ಸಮಯ

ಒಬ್ಬರು ‘ಬಿಗಿ’ ಎಂದರು, ಇನ್ನೊಬ್ಬರು ‘ಸಡಿಲ’ ಎಂದರು. ‘ನೀವು ಬಿಲ್ಲೆಗೆ ಹೊಡೆಯುವಾಗ ಅದು ಎಷ್ಟು ದೂರದಲ್ಲಿರುತ್ತದೆ?’ ಎಂದು ಇಬ್ಬರೂ ಕೇಳಲಿಲ್ಲ. ಚೋಕ್ ತೀರ್ಮಾನವಾಗಬೇಕಾದ್ದು ಆ ಒಂದು ಪ್ರಶ್ನೆಯಿಂದ. ಅದರ ಉತ್ತರ ಇರುವುದು ನಿಮ್ಮ ವೇಗದಲ್ಲಿ.

ಒಲಿಂಪಿಕ್ ಮಾದರಿಯ ಟ್ರ್ಯಾಪ್‌ನಲ್ಲಿ ಬಿಲ್ಲೆ ಹೊರಡುವಾಗಲೇ ನಿಮ್ಮಿಂದ 15 ಮೀಟರ್ ದೂರದಲ್ಲಿರುತ್ತದೆ. ಗಾಳಿಯ ತಡೆಯನ್ನೂ ಸೇರಿಸಿ ಸೆಕೆಂಡಿಗೆ ಸರಾಸರಿ 25 ಮೀಟರ್ ಹೋಗುತ್ತದೆ ಎಂದಿಟ್ಟುಕೊಳ್ಳೋಣ. ಪಳಗಿದ ಶೂಟರ್ 0.6 ಸೆಕೆಂಡಿನಲ್ಲಿ ಕುದುರೆ ಎಳೆದರೆ ಬಿಲ್ಲೆ 30 ಮೀಟರ್‌ನಲ್ಲಿರುತ್ತದೆ. ಹೊಸಬರು ‘ಎಲ್ಲಿ ಹೋಯ್ತು’ ಎಂದು ನೋಡಿ, ಕೋವಿ ತಿರುಗಿಸಿ, ಹೊಡೆಯುವಷ್ಟರಲ್ಲಿ ಒಂದು ಸೆಕೆಂಡ್ ಆಗುತ್ತದೆ. ಅಷ್ಟರಲ್ಲಿ ಬಿಲ್ಲೆ 40 ಮೀಟರ್‌ನಲ್ಲಿರುತ್ತದೆ.

ನೀವು ತಡ ಮಾಡಿದಷ್ಟೂ ಬಿಲ್ಲೆ ದೂರವಾಗುತ್ತದೆ. ‘ಹೊಸಬರಿಗೆ ಸಡಿಲ ಚೋಕ್’ ಎಂಬ ಮಾತು ಸೋಲುವುದು ಇಲ್ಲಿ. ಹೊಸಬರು ನಿಧಾನ, ಅವರ ಬಿಲ್ಲೆಯೇ ಹೆಚ್ಚು ದೂರದಲ್ಲಿರುತ್ತದೆ, ಅವರಿಗೆ ಒತ್ತಾದ ಚರೆಯೇ ಬೇಕು.

ಹಾಗಾದರೆ ಫುಲ್ ಚೋಕ್ ಹಾಕಿಸೋಣವೇ? ಅದೂ ಪೂರ್ತಿ ಸರಿಯಲ್ಲ. ಕಲಿಕೆಯ ಮೊದಲ ದಿನಗಳಲ್ಲಿ ಕೋಚ್‌ಗಳು ಸಾಮಾನ್ಯವಾಗಿ ಒಂದೇ ಯಂತ್ರದಿಂದ ನೇರವಾಗಿ, ನಿಧಾನವಾಗಿ ಹಾರುವ ಬಿಲ್ಲೆ ಬಿಡಿಸುತ್ತಾರೆ. ಅದು 25ರಿಂದ 30 ಮೀಟರ್ ಒಳಗೇ ಸಿಗುತ್ತದೆ. ಅಷ್ಟು ಹತ್ತಿರದಲ್ಲಿ ಫುಲ್ ಚೋಕ್‌ನ ಹರಡುವಿಕೆ ಚಿಕ್ಕದು.

ಎಷ್ಟು ಚಿಕ್ಕದು? 27 ಮೀಟರ್‌ನಲ್ಲಿ ಫುಲ್ ಚೋಕ್‌ನ ಚರೆಗಳು ಸುಮಾರು 70 ಸೆಂ.ಮೀ. ಅಗಲಕ್ಕೆ ಹರಡುತ್ತವೆ, ಹಾಫ್ ಚೋಕ್‌ನವು ಸುಮಾರು 80 ಸೆಂ.ಮೀ.ಗೆ. ಸುತ್ತಲೂ ನಿಮಗೆ ಸಿಗುವ ಹೆಚ್ಚುವರಿ ಅವಕಾಶ ಒಂದೊಂದು ಬದಿಗೆ 5 ಸೆಂ.ಮೀ. ಆಸುಪಾಸು. ಅರ್ಧ ಗೇಣೂ ಇಲ್ಲ!

ಈಗ ಹೊಸಬರು ಎಷ್ಟರಿಂದ ತಪ್ಪುತ್ತಾರೆ ಎಂದು ನೋಡಿ. ಚರೆ 30 ಮೀಟರ್ ತಲುಪಲು ಸುಮಾರು 0.09 ಸೆಕೆಂಡ್ ಬೇಕು. ಅಷ್ಟರಲ್ಲಿ ಬಿಲ್ಲೆ ಎರಡು ಮೀಟರ್‌ಗಿಂತ ಹೆಚ್ಚು ಮುಂದೆ ಹೋಗಿರುತ್ತದೆ. ಓರೆಯಾಗಿ ಹಾರುವ ಬಿಲ್ಲೆಯನ್ನು ಹಿಂಬಾಲಿಸಿ ಬಂದು, ಹೊಡೆಯುವ ಕ್ಷಣದಲ್ಲಿ ಕೋವಿಯನ್ನು ನಿಲ್ಲಿಸಿಬಿಟ್ಟರೆ ಚರೆಯೆಲ್ಲ ಬಿಲ್ಲೆಯ ಹಿಂದೆ ಒಂದು ಮೀಟರ್‌ಗಿಂತ ಆಚೆ ಹೋಗುತ್ತದೆ. ಕಲಿಯುವವರು ಮಾಡುವ ಸಾಮಾನ್ಯ ತಪ್ಪು ಇದೇ. ಗೇಣಿನಲ್ಲಿ ತಪ್ಪುವುದಿಲ್ಲ, ಮಾರಿನ ಲೆಕ್ಕದಲ್ಲಿ ತಪ್ಪುತ್ತಾರೆ. ಆ ತಪ್ಪನ್ನು ಯಾವ ಚೋಕೂ ಸರಿಮಾಡಲಾರದು. ಕೋವಿಯನ್ನು ಓಡಿಸುತ್ತಲೇ ಹೊಡೆಯುವ ಅಭ್ಯಾಸ ಮಾತ್ರ ಸರಿಮಾಡುತ್ತದೆ.

ಹಾಗಾದರೆ ಯಾವ ಚೋಕ್?

ಮೊದಲ ಕೆಲವು ಪಾಠ, ನಿಧಾನದ ನೇರ ಬಿಲ್ಲೆ: ಇಂಪ್ರೂವ್ಡ್ ಸಿಲಿಂಡರ್ ಅಥವಾ ಹಾಫ್. ಇಲ್ಲಿ ಬಿಲ್ಲೆ ಹತ್ತಿರ, ಉದ್ದೇಶ ಧೈರ್ಯ ತುಂಬುವುದು.

ನಿಜವಾದ ಟ್ರ್ಯಾಪ್‌ಗೆ ಬಂದ ಮೇಲೆ, ಒಂದೇ ಚೋಕ್ ಆರಿಸಬೇಕಾದರೆ: ಹಾಫ್, ಅಂದರೆ ಮಾಡಿಫೈಡ್. ಹತ್ತಿರಕ್ಕೆ ತೀರಾ ಬಿಗಿಯಲ್ಲ, 35 ಮೀಟರ್ ಆಸುಪಾಸಿಗೆ ತೀರಾ ಸಡಿಲವೂ ಅಲ್ಲ.

ಜೋಡುನಳಿಗೆಯಲ್ಲಿ ಎರಡು ಹೊಡೆತ ಇರುವಾಗ: ಮೊದಲ ಹೊಡೆತದ ನಳಿಗೆಗೆ ಹಾಫ್, ಎರಡನೆಯದಕ್ಕೆ ಮುಕ್ಕಾಲು ಅಥವಾ ಫುಲ್. ಎರಡನೇ ಹೊಡೆತದ ಹೊತ್ತಿಗೆ ಬಿಲ್ಲೆ ಇನ್ನೂ ದೂರ ಹೋಗಿರುತ್ತದೆ. ಸ್ಪರ್ಧೆಗಳಲ್ಲಿ ಪಳಗಿದವರು ಬಿಗಿ ಚೋಕ್ ಬಳಸುವುದಕ್ಕೆ ಕಾರಣವೂ ದೂರವೇ, ‘ಪವರ್’ ಅಲ್ಲ.

ಬದಲಿಸಲಾಗದ ಚೋಕ್ ಇರುವ ಹಳೆಯ ಕೋವಿಯಾದರೆ: ಅಕ್ಕಪಕ್ಕ ನಳಿಗೆ ಇರುವ ಕೋವಿಗಳಲ್ಲಿ ಸಾಮಾನ್ಯವಾಗಿ ಬಲ ನಳಿಗೆ ಸಡಿಲ, ಎಡ ನಳಿಗೆ ಬಿಗಿ. ಮೊದಲು ಬಲದ್ದು, ಆಮೇಲೆ ಎಡದ್ದು. ಅಂದರೆ ಆ ಕಾಲದ ಕಸುಬುದಾರರು ಈ ಲೆಕ್ಕವನ್ನು ಹಾಕಿಯೇ ಕೋವಿ ಮಾಡಿರುತ್ತಿದ್ದರು.

ಆರಿಸಿದ ಮೇಲೆ ಒಂದು ಪರೀಕ್ಷೆ ಮಾಡಿ. ಚೋಕ್ ಮೇಲೆ ಬರೆದದ್ದನ್ನು ನಂಬುವುದಕ್ಕಿಂತ ಕಾಗದವನ್ನು ನಂಬುವುದು ಮೇಲು. ಒಂದೇ ಚೋಕ್ ಬೇರೆ ಬೇರೆ ತೋಟಾಗಳಲ್ಲಿ ಬೇರೆ ಬೇರೆಯಾಗಿ ಹರಡಿಸುತ್ತದೆ. ಅನುಮತಿ ಇರುವ ರೇಂಜ್‌ನಲ್ಲಿ, ಕೋಚ್ ಎದುರಿಗೆ, ನೀವು ಬಿಲ್ಲೆ ಒಡೆಯುವ ದೂರದಲ್ಲಿ ಒಂದು ಮೀಟರ್‌ಗಿಂತ ದೊಡ್ಡ ಕಾಗದ ಕಟ್ಟಿ, ನೀವು ಬಳಸುವ ತೋಟಾದಿಂದಲೇ ಹೊಡೆಯಿರಿ. ಒಂದಲ್ಲ, ಕನಿಷ್ಠ ಐದು ಕಾಗದ. ಚರೆ ಒತ್ತಾಗಿ ಬಿದ್ದಲ್ಲಿ 75 ಸೆಂ.ಮೀ. ವೃತ್ತ ಎಳೆದು ಎಣಿಸಿ. ಬಿಲ್ಲೆ ನುಸುಳುವಷ್ಟು ದೊಡ್ಡ ಖಾಲಿ ಜಾಗಗಳಿವೆಯೇ, ಚರೆ ಗುರಿಯ ನಡುವೆ ಬಿದ್ದಿದೆಯೇ ಅಥವಾ ಒಂದು ಪಕ್ಕಕ್ಕೆ ವಾಲಿದೆಯೇ ನೋಡಿ. ಪಕ್ಕಕ್ಕೆ ವಾಲಿದ್ದರೆ ದೋಷ ಹೆಚ್ಚಾಗಿ ಚೋಕ್‌ನದಲ್ಲ. ಕೋವಿಯ ಹಿಡಿ ನಿಮ್ಮ ಭುಜಕ್ಕೂ ಕೆನ್ನೆಗೂ ಹೊಂದುತ್ತಿಲ್ಲ ಎಂದರ್ಥ.

ಆಮೇಲೆ ಆ ಚೋಕ್ ಬಿಟ್ಟು ಕದಲಬೇಡಿ. ನಾಲ್ಕು ಬಿಲ್ಲೆ ತಪ್ಪಿದ ಕೂಡಲೇ ಟ್ಯೂಬ್ ಬದಲಿಸುವವರು ಕೊನೆಗೆ ಕಲಿಯುವುದು ಟ್ಯೂಬ್ ಬದಲಿಸುವುದನ್ನು ಮಾತ್ರ.

ಹೇಳಿಕೆ 4: “ಲೇತ್ ಅಂಗಡೀಲಿ ಮೂತಿ ಕೊಯ್ಸಿ”

ಇದನ್ನು ದಯವಿಟ್ಟು ಮಾಡಬೇಡಿ, ಯಾರಿಗೂ ಕಳಿಸಲೂ ಬೇಡಿ.

1959ರ ಶಸ್ತ್ರಾಸ್ತ್ರ ಕಾಯ್ದೆಯ 6ನೇ ಸೆಕ್ಷನ್ ಪ್ರಕಾರ, ಅದಕ್ಕೆಂದೇ ಪಡೆದ ಲೈಸೆನ್ಸ್ ಇಲ್ಲದೆ ಕೋವಿಯ ನಳಿಗೆಯನ್ನು ಚಿಕ್ಕದು ಮಾಡುವುದು ಅಪರಾಧ. ನಿಮ್ಮ ಕೋವಿಗೆ ಲೈಸೆನ್ಸ್ ಇದೆ ಎಂದ ಮಾತ್ರಕ್ಕೆ ಅದನ್ನು ಕೊಯ್ಸಲು ಲೈಸೆನ್ಸ್ ಸಿಕ್ಕಂತಲ್ಲ. 5ನೇ ಸೆಕ್ಷನ್ ಪ್ರಕಾರ ಕೋವಿ ರಿಪೇರಿ ಮಾಡಿಕೊಡುವ ವ್ಯಾಪಾರಕ್ಕೂ ಲೈಸೆನ್ಸ್ ಬೇಕು. ಹಾಗಾಗಿ ಕೊಯ್ಸಿದವರ ಜೊತೆ, ಪಾಪ, ಲೇತ್ ಅಂಗಡಿಯವರೂ ಸಿಕ್ಕಿಬೀಳುತ್ತಾರೆ. ಇದು ದಂಡ ಕಟ್ಟಿ ಮುಗಿಸುವ ವಿಷಯವಲ್ಲ, ಜೈಲು ಶಿಕ್ಷೆಯ ವಿಷಯ.

ಕಾನೂನು ಬದಿಗಿಟ್ಟರೂ ಕೆಲಸ ಕೆಡುತ್ತದೆ. ಮೂತಿ ಕೊಯ್ದರೆ ಚೋಕ್ ಪೂರ್ತಿ ಹೋಗಿ ನಳಿಗೆ ಸಿಲಿಂಡರ್ ಆಗುತ್ತದೆ. ಟ್ರ್ಯಾಪ್‌ಗೆ ಅದು ಎಲ್ಲಕ್ಕಿಂತ ಕಡಿಮೆ ಹೊಂದುವ ಚೋಕ್. ಒಮ್ಮೆ ಹೋದದ್ದು ಮತ್ತೆ ಬರುವುದಿಲ್ಲ.

ಹಳೆಯ ಕೋವಿ ಇರುವ ಮನೆಯವರು ಇನ್ನೂ ಕೆಲವು ವಿಷಯ ತಿಳಿದಿರಬೇಕು.

ಒಂದು, ತೋಟಾದ ಉದ್ದ. ಕೆಲವು ಹಳೆಯ ಕೋವಿಗಳ ತೋಟಾ ಗೂಡು 65 ಮಿ.ಮೀ. ಉದ್ದದ್ದು. ಈಗಿನ ತೋಟಾಗಳು ಸಾಮಾನ್ಯವಾಗಿ 70 ಮಿ.ಮೀ.ನವು. ಪೆಟ್ಟಿಗೆಯ ಮೇಲಿನ ಈ ಅಳತೆ ತೋಟಾ ಸಿಡಿದು ಬಾಯಿ ಬಿಚ್ಚಿಕೊಂಡ ಮೇಲಿನದು. ಆದ್ದರಿಂದ 70ರ ತೋಟಾ 65ರ ಗೂಡಿಗೆ ಸಲೀಸಾಗಿ ಹೋಗಿ ಕೂರುತ್ತದೆ, ಆದರೆ ಸಿಡಿದಾಗ ಬಾಯಿ ಬಿಚ್ಚಲು ಜಾಗವಿಲ್ಲದೆ ಒತ್ತಡ ಮಿತಿಮೀರುತ್ತದೆ. ‘ಒಳಗೆ ಹೋಯ್ತಲ್ಲ, ಸರಿ ಇದೆ’ ಎನ್ನಬೇಡಿ. ಲೈಸೆನ್ಸ್ ಇರುವ ಕೋವಿ ಕಸುಬುದಾರರಿಂದ ಅಳೆಸಿ.

ಎರಡು, ಬೇರೆ ಬೋರ್‌ನ ತೋಟಾ. 20 ಬೋರ್ ತೋಟಾ 12 ಬೋರ್ ನಳಿಗೆಯೊಳಗೆ ಜಾರಿ ಮುಂದೆ ಹೋಗಿ ಸಿಕ್ಕಿಕೊಳ್ಳಬಲ್ಲದು. ಅದನ್ನು ಕಾಣದೆ ಹಿಂದಿನಿಂದ ಇನ್ನೊಂದು ತೋಟಾ ಹಾಕಿ ಹೊಡೆದರೆ ನಳಿಗೆ ಸಿಡಿಯುತ್ತದೆ. ಎರಡನ್ನೂ ಒಂದೇ ಚೀಲದಲ್ಲಿ ಇಡಲೇಬೇಡಿ.

ಮೂರು, ಬಿಗಿ ಚೋಕ್‌ನಲ್ಲಿ ಉಕ್ಕಿನ ಚರೆಯನ್ನೂ ಒಂಟಿ ಗುಂಡನ್ನೂ ಹೊಡೆಯಬೇಡಿ. ಸೀಸ ಮೆತ್ತಗೆ ಒತ್ತಿಕೊಂಡು ಹೋಗುತ್ತದೆ, ಉಕ್ಕು ಹಾಗಲ್ಲ.

ನಾಲ್ಕು, ಟ್ಯೂಬ್ ಬದಲಿಸುವ ಕೋವಿಯಾದರೆ ಮೊದಲು ಕೋವಿ ಮುರಿದು ಗೂಡು ಖಾಲಿಯಿದೆ ಎಂದು ಕಣ್ಣಾರೆ ನೋಡಿ. ಟ್ಯೂಬ್ ಇಲ್ಲದೆ ಹೊಡೆದರೆ ತಿರುಪಿನ ಗೆರೆ ಹಾಳಾಗುತ್ತದೆ. ಸಡಿಲಾಗಿದೆಯೇ ಎಂದು ನಡುನಡುವೆ ನೋಡುತ್ತಿರಿ.

ಲೈಸೆನ್ಸ್ ಇದೆ, ಟ್ರ್ಯಾಪ್‌ಗೆ ಒಯ್ಯಬಹುದೇ?

ಲೈಸೆನ್ಸ್ ಪುಸ್ತಕ ತೆಗೆದು ಓದಿ. ಕಾಯ್ದೆ ಎರಡು ಬಗೆಯನ್ನು ಬೇರೆ ಬೇರೆಯಾಗಿ ಹೇಳುತ್ತದೆ. ರಕ್ಷಣೆ ಅಥವಾ ಕ್ರೀಡೆಗೆಂದು ಕನಿಷ್ಠ 20 ಇಂಚು ನಳಿಗೆಯ ಕೋವಿ ಒಂದು ಬಗೆ. ಬೆಳೆ ರಕ್ಷಣೆಗೆಂದು ಕೊಡುವ ಮದ್ದು ತುಂಬುವ ಕೋವಿ ಇನ್ನೊಂದು. ನಿಮ್ಮದರಲ್ಲಿ ಬರೆದಿರುವ ಉದ್ದೇಶ ಯಾವುದು, ಎಲ್ಲೆಲ್ಲಿ ಒಯ್ಯಲು ಅನುಮತಿ ಇದೆ, ಬಳಸುವವರ ಹೆಸರು ಯಾರದ್ದು ಎಂಬುದೆಲ್ಲ ಮುಖ್ಯ. ಅಪ್ಪನ ಲೈಸೆನ್ಸ್ ಮಗನ ಲೈಸೆನ್ಸ್ ಅಲ್ಲ. ಕೋವಿ ಹೊಂದಲು 21 ವರ್ಷ ತುಂಬಿರಬೇಕು. ಅದಕ್ಕಿಂತ ಚಿಕ್ಕವರು ನಿಯಮಗಳಿಗೆ ಒಳಪಟ್ಟು ತರಬೇತಿಯಲ್ಲಿ ಮಾತ್ರ ಬಳಸಬಹುದು.

ಇನ್ನೊಂದು ಮಾತು. ತೆಂಗಿನ ತೋಟದವರಿಗೆ ಮಂಗಗಳ ಕಾಟ ಎಷ್ಟಿದೆ ಎಂಬುದು ನನಗೂ ಗೊತ್ತು. ಆದರೆ ನಮ್ಮ ಕಡೆಯ ಮಂಗ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ರಕ್ಷಣೆ ಪಡೆದ ಪ್ರಾಣಿ. ಟ್ರ್ಯಾಪ್ ಕಲಿತ ಕೈಯನ್ನು ತೋಟದಲ್ಲಿ ತೋರಿಸುವ ಹಾಗಿಲ್ಲ.

ಹೊಸದಾಗಿ ಕಲಿಯುವವರು ಕೋವಿ, ಚೋಕ್, ತೋಟಾ ಎಂದು ಮೊದಲೇ ದುಡ್ಡು ಸುರಿಯಬೇಕಿಲ್ಲ. ಮಾನ್ಯತೆ ಇರುವ ರೈಫಲ್ ಕ್ಲಬ್ ಸೇರಿ, ಅವರ ಕೋವಿಯಲ್ಲೇ, ಕೋಚ್ ಎದುರಿಗೇ ಶುರು ಮಾಡಿ. ಜಿಲ್ಲಾ ಪೊಲೀಸರು ಆಗಾಗ ನಡೆಸುವ ನಾಗರಿಕ ಬಂದೂಕು ತರಬೇತಿ ಶಿಬಿರಗಳೂ ಕೋವಿಯನ್ನು ಸುರಕ್ಷಿತವಾಗಿ ಹಿಡಿಯುವುದನ್ನು ಕಲಿಯಲು ಒಳ್ಳೆಯ ದಾರಿ. ಕಿವಿಗೆ ರಕ್ಷಣೆಯಿಲ್ಲದೆ ಒಂದು ಹೊಡೆತವನ್ನೂ ಹೊಡೆಯಬೇಡಿ. ಶಾಟ್‌ಗನ್ ಸದ್ದು 140 ಡೆಸಿಬೆಲ್ ಮೀರುತ್ತದೆ, ಒಂದೇ ಹೊಡೆತಕ್ಕೂ ಕಿವಿಗೆ ಹಾನಿಯಾಗಬಹುದು. ಕಣ್ಣಿಗೆ ಕನ್ನಡಕ ಇರಲಿ. ಚರೆ ಸೀಸದ್ದು, ಸೀಸ ವಿಷ. ಹೊಡೆದು ಬಂದ ಮೇಲೆ ಸೋಪು ಹಾಕಿ ಕೈ ತೊಳೆಯದೆ ಊಟಕ್ಕೆ ಕೂರಬೇಡಿ.

ಒಟ್ಟಿನಲ್ಲಿ

ದೊಡ್ಡಪ್ಪನಿಗೆ ಇಷ್ಟನ್ನೂ ಹೇಳಿದೆ. ಕೋವಿ ಲೇತ್ ಅಂಗಡಿಗೆ ಹೋಗಲಿಲ್ಲ. ತಮ್ಮ ಈಗ ಕ್ಲಬ್‌ನ ಕೋವಿಯಲ್ಲಿ ಹಾಫ್ ಚೋಕ್ ಹಾಕಿಕೊಂಡು ಕಲಿಯುತ್ತಿದ್ದಾನೆ. ಮೊದಲ ದಿನ 25ರಲ್ಲಿ ನಾಲ್ಕು ಬಿಲ್ಲೆ ಒಡೆದನಂತೆ. “ಉಳಿದ 21 ಯಾಕೆ ತಪ್ಪಿದವು?” ಎಂದು ಕೇಳಿದೆ. “ಕೋವಿ ನಿಲ್ಲಿಸಿಬಿಡ್ತೀನಂತೆ ಅಕ್ಕ” ಎಂದ. ಚೋಕ್ ವಿಚಾರ ಅವನ ಕೋಚ್ ಎತ್ತಲೇ ಇಲ್ಲವಂತೆ.

ಆ ವಿಡಿಯೊ ನಿಮ್ಮ ಗ್ರೂಪಿಗೂ ಬಂದಿದ್ದರೆ ಅದರ ಕೆಳಗೆ ಇಷ್ಟನ್ನು ಹಾಕಿ:

- ಚೋಕ್ ಬಲ ಹೆಚ್ಚಿಸುವುದಿಲ್ಲ, ಚರೆ ಎಷ್ಟು ಅಗಲಕ್ಕೆ ಹರಡಬೇಕು ಎಂಬುದನ್ನಷ್ಟೇ ನಿರ್ಧರಿಸುತ್ತದೆ.
- ಬಿಲ್ಲೆ ಎಷ್ಟು ದೂರದಲ್ಲಿರುವಾಗ ಹೊಡೆಯುತ್ತೀರಿ ಎಂಬುದನ್ನು ನೋಡಿ ಚೋಕ್ ಆರಿಸಿ. ಕಲಿಯುವವರಿಗೆ ಹಾಫ್ ಚೋಕ್ ಒಳ್ಳೆಯ ಆರಂಭ.
- ನಳಿಗೆ ಕೊಯ್ಸುವುದು ಅಪರಾಧ. ಹಳೆಯ ಕೋವಿಗೆ ಹೊಸ ತೋಟಾ ಹಾಕುವ ಮೊದಲು ಅಳೆಸಿ.